ಟಿ.ವಿ. ಪೆಟ್ಟಿಗೆಯೊಳಗಿನ ಮರುಭೂಮಿ

ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ, ಟಿ.ವಿ. ತುಂಬಿ ಕಳಿಸುವ ರಟ್ಟಿನ ಪೆಟ್ಟಿಗೆ ಇತ್ತು. ಅಪ್ಪ ಸೈನ್ಯದ ಕೆಲಸ ಮುಗಿಸಿ ಬಂದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದರು. ಟಿ.ವಿ.ಗಳು ದಿನವೂ ಅವರ ಕಣ್ಣ ಮುಂದೆಯೇ ಪೆಟ್ಟಿಗೆ ಸೇರಿ ಲಾರಿ ಹತ್ತುತ್ತಿದ್ದವು. ಒಂದೂ ಹೆಬ್ಬಗೋಡಿಯ ನಮ್ಮ ಮನೆಯ ಕಡೆಗೆ ತಿರುಗಲಿಲ್ಲ. ಟಿ.ವಿ. ಬಂದರೆ ಮನೆಯ ಹೊತ್ತುಗೊತ್ತು ಕೆಡುತ್ತದೆ ಎಂಬುದು ಅಪ್ಪನ ಅಭಿಪ್ರಾಯ. ಅಪ್ಪನ ಅಭಿಪ್ರಾಯಕ್ಕೂ ಕಾನೂನಿಗೂ ನಮ್ಮಲ್ಲಿ ಅಂತರವಿರಲಿಲ್ಲ. ಒಮ್ಮೆ ಮೂಲೆ ಹರಿದು ಕೆಲಸಕ್ಕೆ ಬಾರದಂತಾದ ಪೆಟ್ಟಿಗೆಯೊಂದನ್ನು, ಕಾರ್ಖಾನೆಯಲ್ಲಿ ಕೇಳಿಕೊಂಡು, ಸೈಕಲ್ಲಿನ ಹಿಂದೆ ಕಟ್ಟಿ ತಂದರು. ರಾಗಿ ಮೂಟೆಯ ಕೆಳಗೆ ಹಾಸುವುದಕ್ಕೆ. ನನ್ನ ತಂಗಿ ಸರಸು ಅದನ್ನು ಹಾಸಲು ಬಿಡಲಿಲ್ಲ. ಪೆಟ್ಟಿಗೆಯ ಮುಖದಲ್ಲಿ ಚೌಕವಾಗಿ ಕಿಟಕಿ ಕತ್ತರಿಸಿದಳು. ಮೇಲೊಂದು ಕೆಳಗೊಂದು ತೂತು ಕೊರೆದು ಎರಡು ಬಿದಿರು ಕಡ್ಡಿ ತೂರಿಸಿದಳು. ಹಳೆಯ ಕಾಗದಗಳನ್ನು ಮೈದಾ ಅಂಟಿನಿಂದ ಒಂದಕ್ಕೊಂದು ಅಂಟಿಸಿ ಉದ್ದನೆಯ ಸುರುಳಿ ಮಾಡಿ, ಅದರ ಮೇಲೆ ಚಿತ್ರ ಬರೆದು, ಕಡ್ಡಿಗೆ ಸುತ್ತಿದಳು. ಹಿಂದೆ ನಲವತ್ತು ಕ್ಯಾಂಡಲ್ ಬಲ್ಬು. ಕಡ್ಡಿ ತಿರುಗಿಸಿದರೆ ಒಂದು ಚಿತ್ರ ಹೋಗಿ ಇನ್ನೊಂದು ಬರುತ್ತಿತ್ತು. ಆನೇಕಲ್ಲಿನ ಅಂಗಡಿಯೊಂದರ ಟಿ.ವಿ.ಯಲ್ಲಿ ಓಡುವ ಬೊಂಬೆಗಳನ್ನು ಅವಳು ಒಂದೇ ಒಂದು ಸಲ ನೋಡಿದ್ದಳು. ಅಷ್ಟು ಸಾಕಾಯಿತು. ಭಾನುವಾರ ಸಂಜೆ ನಮ್ಮ ನಡುಮನೆಯಲ್ಲಿ ಬೀದಿಯ ಮಕ್ಕಳೆಲ್ಲ ಕೂತು 'ಸರಸು ಕಾರ್ಟೂನ್' ನೋಡುವುದು ರೂಢಿಯಾಯಿತು. ಚಿತ್ರ ಅವಳದು, ಧ್ವನಿ ನನ್ನದು. ಪೆಟ್ಟಿಗೆಯ ಹಿಂದೆ ಕುಳಿತು ರಾಜ, ರಾಣಿ, ನರಿ, ಪೊಲೀಸ್ ಎಲ್ಲರ ಮಾತನ್ನೂ ನಾನೇ ಆಡಬೇಕಿತ್ತು.

ಆ ಮನೆ ಈಗಿಲ್ಲ. ಅದೇ ಜಾಗದಲ್ಲಿ ಮೂರು ಅಂತಸ್ತು ಎದ್ದಿದೆ. ಕೆಳಗಿನ ಅಂತಸ್ತಿನಲ್ಲಿ ನಾನಿದ್ದೇನೆ, ಮೇಲೆ ಬಾಡಿಗೆಯವರು. ಆಗ ಇದ್ದದ್ದು ಜಗಲಿ, ನಡುಮನೆ, ಅಡುಗೆಮನೆ, ಹಿತ್ತಲಲ್ಲಿ ಹಂಡೆ ಒಲೆಯ ಬಚ್ಚಲು. ಪಕ್ಕಕ್ಕೆ ಒಂದು ಕೋಣೆ ತೆಗೆದು ಅದನ್ನು ಫಿಲೋಮಿನಾ ಟೀಚರ್‌ಗೆ ಬಾಡಿಗೆಗೆ ಕೊಟ್ಟಿದ್ದೆವು. ನಡುಮನೆಯ ಗೋಡೆಯ ಮೇಲೆ ಅಪ್ಪನ ಕೈಬರಹದ ವೇಳಾಪಟ್ಟಿ. ಏಳುವುದು, ನೀರು ಸೇದುವುದು, ಸ್ನಾನ, ಓದು, ಲೆಕ್ಕ, ಊಟ, ದೀಪ ಆರಿಸುವುದು, ಎಲ್ಲಕ್ಕೂ ಹೊತ್ತು ನಿಗದಿ. ಅಡುಗೆಗೂ ಹಾಗೆಯೇ. ಸೋಮವಾರ ಹುರುಳಿ ಸಾರು, ಮಂಗಳವಾರ ಸೊಪ್ಪಿನ ಸಾರು, ಬುಧವಾರ ಬೇಳೆ, ಹೀಗೆ ವಾರ ತಿರುಗುತ್ತಿತ್ತು. ಮುದ್ದೆ ಮಾತ್ರ ಎಲ್ಲ ದಿನಗಳಿಗೂ ಸೇರಿದ್ದು. ಊಟಕ್ಕೆ ಕೂತಾಗ ಒಂದೇ ನಿಯಮ: ತಟ್ಟೆಯ ಬಗ್ಗೆ ಮಾತಿಲ್ಲ. ಚೆನ್ನಾಗಿದೆ ಎನ್ನುವಂತಿಲ್ಲ, ಚೆನ್ನಾಗಿಲ್ಲ ಎನ್ನುವಂತಿಲ್ಲ. ಬಡಿಸಿದ್ದನ್ನು ತಿಂದು, ತಟ್ಟೆ ತೊಳೆದು, ಬೋರಲು ಹಾಕಿ ಏಳಬೇಕು. ಅಪ್ಪನೂ ಹಾಗೆಯೇ ಉಣ್ಣುತ್ತಿದ್ದರು. ಉಪ್ಪು ಜಾಸ್ತಿಯಾದ ದಿನವೂ ಸರಿಯಾದ ದಿನವೂ ಅವರ ಮುಖ ಒಂದೇ. ನನಗೆ ಈ ಕ್ರಮ ಹಿತವಾಗಿತ್ತು, ಇಂದಿಗೂ ಹಿತವಾಗಿದೆ. ಗಡಿಯಾರ ಸರಿಯಾಗಿ ನಡೆಯುವ ಮನೆಯಲ್ಲಿ ಬೆಳೆದ ಮಗುವಿಗೆ ಹೆದರಿಕೆ ಕಡಿಮೆ. ಆದರೆ ಸರಸುವಿನ ಜೀವ ಬೇರೆ ಮಣ್ಣಿನದು. ಮುದ್ದೆ ನುಂಗುವಾಗ ಅವಳ ಗಂಟಲು ಸುಮ್ಮನಿರುತ್ತಿತ್ತು, ಹುಬ್ಬು ಮಾತಾಡುತ್ತಿತ್ತು.

ಫಿಲೋಮಿನಾ ಟೀಚರ್ ಸಂಜೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುವಾಗ ನಾವಿಬ್ಬರೂ ಎರಡು ಪಕ್ಕ ಕೂತು ಆರಿಸುತ್ತಿದ್ದೆವು. ಅದಕ್ಕೆ ಪ್ರತಿಯಾಗಿ ಅವರು ಕಥೆ ಹೇಳುತ್ತಿದ್ದರು. ಅವರ ಕಥೆಗಳೆಲ್ಲ ಬೈಬಲ್ಲಿನವು. ಒಂದು ಸಂಜೆ ಮೋಶೆಯ ಕಥೆ ಬಂತು. ಐಗುಪ್ತದ, ಅಂದರೆ ಈಜಿಪ್ಟಿನ, ರಾಜನ ಕೈಕೆಳಗೆ ಗುಲಾಮರಾಗಿದ್ದ ಜನರನ್ನು ಮೋಶೆ ಬಿಡಿಸಿಕೊಂಡು, ಸಮುದ್ರ ದಾಟಿಸಿ, ಮರುಭೂಮಿಗೆ ಕರೆತರುತ್ತಾನೆ. ತಿನ್ನಲು ಏನೂ ಇಲ್ಲ. ದೇವರು ಆಕಾಶದಿಂದ ಮನ್ನಾ ಎಂಬ ಆಹಾರ ಸುರಿಸುತ್ತಾನೆ. ದಿನವೂ ಅದೇ. ಸ್ವಲ್ಪ ದಿನಕ್ಕೆ ಜನ ಗೊಣಗಲು ಶುರುಮಾಡುತ್ತಾರೆ.

"ಏನಂತ ಗೊಣಗಿದ್ರು ಟೀಚರ್?" ಸರಸು ಕಲ್ಲು ಆರಿಸುವುದನ್ನು ನಿಲ್ಲಿಸಿದಳು.

"ಅಲ್ಲಿ ಸೌತೆಕಾಯಿ ಇತ್ತು, ಈರುಳ್ಳಿ ಇತ್ತು, ಬೆಳ್ಳುಳ್ಳಿ ಇತ್ತು. ಇಲ್ಲಿ ನೋಡಿದ್ರೆ ಬರೀ ಇದೇ ಅಂತ."

"ಮೋಶೆ ಏನಂದ?"

"ಪಾಪ, ಅವನೇನ್ ಅಂತಾನೆ? ಮೇಲೆ ದೇವರು, ಕೆಳಗೆ ಜನ. ಮಧ್ಯ ಇವನು."

ಸರಸು ನನ್ನ ಕಡೆ ತಿರುಗಿ ಪಿಸುಗುಟ್ಟಿದಳು. "ಅಕ್ಕ, ಇದು ನಮ್ಮನೆ ಕಥೆ ಕಣೇ."

ಆ ವಾರದ ಕಂತು ಅದೇ ಆಯಿತು. ಸರಸು ಮರುಭೂಮಿ ನೋಡಿದವಳಲ್ಲ. ಅವಳಿಗೆ ಗೊತ್ತಿದ್ದ ಮರಳೆಂದರೆ ಹೊಸೂರು ರಸ್ತೆಯ ಪಕ್ಕದಲ್ಲಿ ಕಟ್ಟಡಗಳಿಗೆಂದು ಲಾರಿ ಸುರಿದು ಹೋದ ಗುಡ್ಡೆಗಳು. ಆದ್ದರಿಂದ ಅವಳ ಮರುಭೂಮಿ ತುಂಬ ಅಂಥ ಗುಡ್ಡೆಗಳೇ, ಒಂದೊಂದರ ಮೇಲೂ ಒಂದೊಂದು ಸಲಿಕೆ. ನಡುನಡುವೆ ನೆರಳಿಗೆ ತೆಂಗಿನಮರ. ಒಂಟೆಯನ್ನು ಪಠ್ಯಪುಸ್ತಕ ನೋಡಿ ಬರೆದು, ಕಾಲುಗಳನ್ನು ಬೇರೆಯಾಗಿ ಕತ್ತರಿಸಿ, ದಾರದಿಂದ ಪೋಣಿಸಿ, ಬೇರೊಂದು ಕಡ್ಡಿಗೆ ಅಂಟಿಸಿದ್ದಳು. ಕಡ್ಡಿ ಅಲುಗಿಸಿದರೆ ಅದು ನಿಜವಾಗಿ ನಡೆಯುತ್ತಿತ್ತು. ಮೋಶೆಗೆ ಉದ್ದ ಗಡ್ಡ. ಗಡ್ಡದ ಕೆಳಗೆ ಖಾಕಿ ಚಡ್ಡಿ, ಮಣಿಕಟ್ಟಿನಲ್ಲಿ ಗಡಿಯಾರ, ಕತ್ತಿನಲ್ಲಿ ಸೀಟಿ. ಗಡ್ಡ ತೆಗೆದರೆ ಯಾರೆಂದು ಕೇಳುವ ಹಾಗಿರಲಿಲ್ಲ. ಮೋಶೆ ಸೀಟಿ ಊದುತ್ತಾನೆ, ಮೋಡ ತೆರೆಯುತ್ತದೆ, ಆಕಾಶದಿಂದ ರಾಗಿ ಮುದ್ದೆ ಬೀಳುತ್ತದೆ. ಜನ ಲೈನಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾರೆ. ಒಬ್ಬ ಮುದುಕ ತಲೆಗೆ ಪೆಟ್ಟಾಗದಿರಲೆಂದು ಕೊಡೆ ಬಿಚ್ಚಿದ್ದಾನೆ. ಒಂದು ಮುದ್ದೆ ಒಂಟೆಯ ಬೆನ್ನ ಮೇಲೆ ಬಿದ್ದು ಅದಕ್ಕೆ ಎರಡನೇ ಡುಬ್ಬ ಬರುತ್ತದೆ. "ಇವತ್ತೂ ಮುದ್ದೇನಾ?" ಎಂದು ಜನ ಕೇಳುತ್ತಾರೆ. "ತಟ್ಟೆ ಬಗ್ಗೆ ಮಾತಿಲ್ಲ" ಎಂದು ಮೋಶೆ ಸೀಟಿ ಊದುತ್ತಾನೆ. ಟೀಚರ್ ಹೇಳಿದ ಕಥೆಯಲ್ಲಿ ಮೋಶೆ ಕೋಲಿನಿಂದ ಬಂಡೆಗೆ ಹೊಡೆದಾಗ ನೀರು ಚಿಮ್ಮುತ್ತದೆ. ಸರಸುವಿನ ಬಂಡೆಯಿಂದ ಬಿಸಿ ಸಾರು ಚಿಮ್ಮಿತು. ಮುದ್ದೆಗೆ ಸಾರು ಬೇಡವೇ ಎಂಬುದು ಅವಳ ವಾದ. ಈಗ ನನ್ನ ಮೊಮ್ಮಕ್ಕಳು ದಿನವೂ ಕಾರ್ಟೂನ್ ನೋಡುತ್ತಾರೆ, ನಾನೂ ಪಕ್ಕದಲ್ಲಿ ಕೂರುತ್ತೇನೆ. ಒಳ್ಳೊಳ್ಳೆಯವು ಇವೆ. ಆ ಬಂಡೆಗೆ ಸಮನಾದದ್ದು ನಾನಿನ್ನೂ ನೋಡಿಲ್ಲ.

ಸುರುಳಿಯನ್ನು ಮೊದಲು ಟೀಚರ್‌ಗೆ ತೋರಿಸಿದೆವು. ಅವರ ದೇವರ ಕಥೆ, ಅವರಿಗೆ ನೋವಾಗಬಾರದು ಎಂದು ನಾನೇ ಒತ್ತಾಯಿಸಿದ್ದೆ. ಅವರು ಕನ್ನಡಕ ಏರಿಸಿ ಪೂರ್ತಿ ನೋಡಿದರು. ಸಾರಿನ ಬಂಡೆ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಜನ ಗೊಣಗಿದ್ದು ಪುಸ್ತಕದಲ್ಲೇ ಇದೆ ಕಣಮ್ಮ, ಅದು ಸುಳ್ಳಲ್ಲ. ಸಾರು ಒಂದು ಇಲ್ಲ. ದೇವರನ್ನ ಮಾತ್ರ ಬರೀಬೇಡಿ, ಮೋಡ ಸಾಕು. ಜನದ ಮೇಲೆ ಎಷ್ಟು ಬೇಕಾದ್ರೂ ನಗಿ." ಆಮೇಲೆ ಮೋಶೆಯ ಚಡ್ಡಿಯ ಮೇಲೆ ಬೆರಳಿಟ್ಟು ಕೇಳಿದರು, "ಇವರಿಗೆ ತೋರಿಸಿದ್ರಾ?"

ಇವರಿಗೆ ತೋರಿಸುವ ಯೋಚನೆಯೇ ನಮಗಿರಲಿಲ್ಲ. ಭಾನುವಾರ ಸಂಜೆ ಅಪ್ಪ ಹಿತ್ತಲಲ್ಲಿ ಮನೆಮಂದಿಯ ಚಪ್ಪಲಿ, ಬೂಟುಗಳನ್ನೆಲ್ಲ ಸಾಲಾಗಿಟ್ಟು ಪಾಲಿಶ್ ಮಾಡುತ್ತಿದ್ದರು. ನಮ್ಮ ಕಾರ್ಟೂನನ್ನು ಅವರು ಒಂದು ಸಲವೂ ನೋಡಿರಲಿಲ್ಲ. ಆದರೆ ಆ ಶನಿವಾರ ಸರಸು ಲೆಕ್ಕದ ಪರೀಕ್ಷೆಯ ಕಾಗದ ತಂದಳು. ಅಪ್ಪ ಅಂಕಗಳನ್ನು ನೋಡಿದರು, ಕಾಗದದ ಅಂಚಿನಲ್ಲಿ ಬರೆದಿದ್ದ ಒಂಟೆಗಳನ್ನೂ ನೋಡಿದರು. ಕೂಗಾಡಲಿಲ್ಲ, ಅದು ಅವರ ಕ್ರಮವಲ್ಲ.

"ನಾಳೆ ನಾನೂ ಕೂತು ನೋಡ್ತೀನಿ. ಅದ್ರಲ್ಲಿ ಏನಾದ್ರೂ ಉಪಯೋಗ ಇದೆ ಅನ್ಸಿದ್ರೆ ಪೆಟ್ಟಿಗೆ ಇರ್ಲಿ. ಇಲ್ಲಾಂದ್ರೆ ಸೋಮವಾರ ಹಂಡೆ ಒಲೆಗೆ."

ಅಡುಗೆಮನೆಯ ಬಾಗಿಲಿನಿಂದ ಅಮ್ಮ ಮೆಲ್ಲಗೆ ಹೇಳಿದಳು. "ಮಕ್ಳು ಆಡ್ಕೋತಾವೆ, ಬುಡಿ ಅತ್ಲಾಗೆ."

"ಆಡ್ಲಿ. ನೋಡ್ತೀನಿ ಅಂದೆ, ಸುಡ್ತೀನಿ ಅನ್ಲಿಲ್ಲ."

ಸರಸು ಹಿತ್ತಲಿಗೆ ಓಡಿದಳು. ನಾನು ಹಿಂದೆಯೇ ಹೋದೆ. ಬಚ್ಚಲ ಕಟ್ಟೆಯ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. ನಾನು ದಾರಿ ಹೇಳಿದೆ: ಚಡ್ಡಿಯ ಮೇಲೆ ನಿಲುವಂಗಿ ಬರೆದರಾಯಿತು, ಗಡಿಯಾರ ಉಜ್ಜಿದರಾಯಿತು, ಮುದ್ದೆಯನ್ನು ಚೆನ್ನಾಗಿ ನುಂಗುವ ಜನರನ್ನು ಕೊನೆಗೆ ಸೇರಿಸಿ, ಶಿಸ್ತಿನಿಂದ ಒಳ್ಳೆಯದಾಗುತ್ತದೆ ಎಂದು ನೀತಿ ಹೇಳಿದರಾಯಿತು.

"ಅಂಗ್ ಮಾಡಿದ್ರೆ ಯಾರ್ ನಗ್ತಾರೆ?"

"ನಗೋದು ಮುಖ್ಯಾನಾ, ಪೆಟ್ಟಿಗೆ ಮುಖ್ಯಾನಾ?"

"ನಗಿಸ್ದೇ ಇರೋ ಪೆಟ್ಟಿಗೆ ಇಟ್ಕೊಂಡು ಏನ್ಮಾಡ್ಲಿ? ರಾಗಿ ಮೂಟೆ ಕೆಳಗೆ ಹಾಕು." ಆಮೇಲೆ ಕೇಳಿದಳು, "ನಾಳೆ ಮೋಶೆ ಮಾತನ್ನ ಅಪ್ಪನ ಥರಾನೇ ಆಡ್ತೀಯ ತಾನೆ? ಅಭ್ಯಾಸ ಮಾಡಿದ ಹಾಗೇ?"

ಪೆಟ್ಟಿಗೆ ಉಳಿಯುವುದು ನನ್ನ ಗಂಟಲಿನ ಮೇಲೆ ನಿಂತಿದೆ ಎಂದು ನನಗೆ ಗೊತ್ತಿತ್ತು. ಅಪ್ಪನ ಧ್ವನಿ ಮಾಡದಿದ್ದರೆ ಮೋಶೆ ಯಾರೋ ದಾರಿಹೋಕ. ಮಾಡಿದರೆ ಮನೆಯ ಯಜಮಾನ.

ಭಾನುವಾರ ಮಕ್ಕಳು ಎಂದಿನಂತೆ ಬಂದು ಚಾಪೆ ತುಂಬಿದರು. ಫಿಲೋಮಿನಾ ಟೀಚರ್ ಗೋಡೆಗೊರಗಿ ನಿಂತರು. ಅಪ್ಪ ಒಂದು ಸ್ಟೂಲ್ ಹಾಕಿಕೊಂಡು ಹಿಂದೆ ಕೂತರು, ಬೆನ್ನು ನೆಟ್ಟಗೆ, ಎರಡೂ ಕೈ ಮೊಣಕಾಲ ಮೇಲೆ. ಯಾರೂ ಗಲಾಟೆ ಮಾಡಲಿಲ್ಲ. ದೀಪ ಆರಿಸಿ ಪೆಟ್ಟಿಗೆಯ ಬಲ್ಬು ಹಾಕಿದೆವು. ಐಗುಪ್ತ ಹೋಯಿತು, ಸಮುದ್ರ ಹೋಯಿತು, ಮರಳಿನ ಗುಡ್ಡೆಗಳು ಬಂದವು. ಗಡ್ಡದ ಮೋಶೆ ಕೋಲು ಹಿಡಿದು ಎದ್ದು ನಿಂತ. ಸರಸು ಕಡ್ಡಿ ತಿರುಗಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳ ಕೆಳತುಟಿ ಒಳಕ್ಕೆ ಮಡಚಿಕೊಂಡಿತ್ತು. ನಾನು ಉಸಿರೆಳೆದುಕೊಂಡು, ಅಪ್ಪ ಮಾತು ಶುರುಮಾಡುವ ಮೊದಲು ಕೆಮ್ಮುವ ಹಾಗೆಯೇ ಒಮ್ಮೆ ಕೆಮ್ಮಿದೆ.

"ಲೈನಲ್ಲಿ ನಿಲ್ರಿ. ಹೊತ್ತು ಹೊತ್ತಿಗೆ ಊಟ ಬೀಳುತ್ತೆ. ತಟ್ಟೆ ಬಗ್ಗೆ ಮಾತಿಲ್ಲ."

ಮಕ್ಕಳು ಒಮ್ಮೆ ಹಿಂದೆ ತಿರುಗಿ ಅಪ್ಪನನ್ನು ನೋಡಿದರು. ಯಾರೂ ನಗಲಿಲ್ಲ. ಕೊಡೆಯ ಮುದುಕ ಬಂದಾಗ ಚಿಕ್ಕದೊಂದು ಕಿಸಕ್ಕೆಂದಿತು. ಒಂಟೆಗೆ ಡುಬ್ಬ ಬಂದಾಗ ತಡೆಯಲಾರದೆ ನಾಲ್ಕಾರು ಮಂದಿ ನಕ್ಕರು. ಬಂಡೆಯಿಂದ ಸಾರು ಚಿಮ್ಮಿದಾಗ ಇಡೀ ನಡುಮನೆ ನಕ್ಕಿತು, ಅಡುಗೆಮನೆಯ ಕತ್ತಲಲ್ಲಿ ನಿಂತಿದ್ದ ಅಮ್ಮನೂ ಸೇರಿ. ಅಪ್ಪನ ಸ್ಟೂಲಿನಿಂದ ಏನೂ ಕೇಳಿಸಲಿಲ್ಲ. ಸುರುಳಿ ಮುಗಿಯಿತು. ದೀಪ ಹಾಕಿದೆವು. ಮಕ್ಕಳು ಹೊರಡಲು ಎದ್ದವರು ಹೋಗಲೋ ಬೇಡವೋ ಎಂದು ಅರ್ಧಕ್ಕೆ ನಿಂತರು.

"ನೀರಿನ ಗಾಡಿ ಎಲ್ಲಿ?" ಎಂದರು ಅಪ್ಪ.

ನಮಗೆ ಅರ್ಥವಾಗಲಿಲ್ಲ.

"ಅಷ್ಟು ಜನರನ್ನ ಮರುಭೂಮಿಗೆ ಕರ್ಕೊಂಡೋಗಿದ್ದಾನೆ. ನೀರಿನ ಗಾಡಿ ಇಲ್ಲ. ತೆಂಗಿನಮರ ಅಲ್ಲಿ ಎಲ್ಲಿ ಬರುತ್ತೆ? ಒಂಟೆ ಪಾದ ಅಗಲ ಇರ್ಬೇಕು, ಮುದ್ದೆ ಕೋಲಿನ ತುದಿ ಥರ ಅಲ್ಲ. ಮರಳಲ್ಲಿ ಹೂತೋಗುತ್ತೆ."

"ನೀವು ನೋಡಿದ್ದೀರಾ ಅಪ್ಪ?" ಸರಸು ಕೇಳಿದಳು.

ಅಪ್ಪ ಸೈನ್ಯದಲ್ಲಿ ರೇಷನ್ ಹಂಚುವ ತುಕಡಿಯಲ್ಲಿದ್ದರು ಎಂದು ಮಾತ್ರ ನಮಗೆ ಗೊತ್ತಿತ್ತು. ಎಲ್ಲಿದ್ದರು, ಹೇಗಿದ್ದರು ಎಂದು ಅವರು ಹೇಳಿದವರಲ್ಲ, ನಾವು ಕೇಳಿದವರಲ್ಲ. ಆ ಸಂಜೆ ಸ್ಟೂಲಿನ ಮೇಲೆ ಕೂತೇ ಹೇಳಿದರು. ರಾಜಸ್ಥಾನದ ಗಡಿಯಲ್ಲಿ ಅವರು ಲಾರಿಯಲ್ಲಿ ಊಟ ಮತ್ತು ನೀರು ಸಾಗಿಸುತ್ತಿದ್ದರು. ದಿನವೂ ಅದೇ ಬೇಳೆ, ಅದೇ ರೊಟ್ಟಿ. ಜವಾನರು ದಿನವೂ ಅಪ್ಪನನ್ನು ಬೈಯುತ್ತಿದ್ದರು. ಒಂದು ದಿನ ಮರಳುಗಾಳಿಗೆ ಸಿಕ್ಕಿ ಲಾರಿ ಹೂತುಹೋಯಿತು. ನೀರು ಖಾಲಿಯಾಯಿತು.

"ಮಧ್ಯಾಹ್ನದವರೆಗೆ ನನ್ನನ್ನ ಬೈತಾ ಇದ್ರು. ಸಾಯಂಕಾಲಕ್ಕೆ ಎಲ್ಲ ಸುಮ್ಮನಾದ್ರು. ಒಬ್ಬನೂ ಗೊಣಗಲ್ಲ. ನಂಗೆ ಹೆದರಿಕೆ ಆಗಿದ್ದು ಅವಾಗ." ಅಪ್ಪ ಮೊಣಕಾಲ ಮೇಲಿನ ಕೈಗಳನ್ನು ನೋಡಿಕೊಂಡರು. "ಬೆಳಿಗ್ಗೆ ಇನ್ನೊಂದು ಗಾಡಿ ಬಂತು. ಮೊದಲು ಕುಡಿದವನು, ಥೂ, ನೀರು ಕಾದು ಹೋಗಿದೆ, ಅಂದ. ಆ ಮಾತು ಕೇಳಿ ನಂಗೆ ಜೀವ ಬಂತು."

ಫಿಲೋಮಿನಾ ಟೀಚರ್ ಶಿಲುಬೆಯ ಗುರುತು ಮಾಡಿಕೊಂಡರು. ಸರಸು ಮಾತ್ರ ಬಿಡಲಿಲ್ಲ.

"ಹಂಗಾದ್ರೆ ನಮಗ್ಯಾಕೆ ಗೊಣಗ್ಬೇಡಿ ಅಂತೀರ?"

ಅಪ್ಪನಿಗೆ ಯಾರಾದರೂ ಎದುರು ಪ್ರಶ್ನೆ ಹಾಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಲ್ಲಿಂದ ಬಂದ್ಮೇಲೆ ತಟ್ಟೆ ತುಂಬ ಊಟ ನೋಡಿದ್ರೆ ನಂಗೆ ಮಾತೇ ಬರಲ್ಲ. ನಿಮಗೂ ಬರಲ್ಲ ಅನ್ಕೊಂಡ್ಬಿಟ್ಟೆ." ಎದ್ದು ಸ್ಟೂಲನ್ನು ಅದರ ಜಾಗದಲ್ಲಿಟ್ಟರು. "ಮುಂದಿನ ವಾರ ಇದನ್ನೇ ತಿದ್ದಿ ತೋರಿಸಿ. ಗಾಡಿ ಸೇರಿಸಿ, ತೆಂಗಿನಮರ ತೆಗೀರಿ."

"ಸಾರು?"

"ಸಾರು ಇರ್ಲಿ."

ಸೋಮವಾರ ಬೆಳಿಗ್ಗೆ ವೇಳಾಪಟ್ಟಿಯಲ್ಲಿ ಲೆಕ್ಕಕ್ಕೂ ಊಟಕ್ಕೂ ನಡುವೆ 'ಪೆಟ್ಟಿಗೆ' ಎಂದು ಸೇರಿಸಿತ್ತು. ಲೆಕ್ಕದ ಹೊತ್ತೂ ಸ್ವಲ್ಪ ಉದ್ದವಾಗಿತ್ತು, ಅಪ್ಪ ಪೂರ್ತಿ ಬಿಟ್ಟುಕೊಡುವವರಲ್ಲ. ಆ ವಾರವೆಲ್ಲ ಅವರು ನಮ್ಮ ಜೊತೆ ನೆಲದ ಮೇಲೆ ಕೂತರು. ಮರಳಿನ ಮೇಲೆ ಗಾಳಿ ಎಳೆಯುವ ಗೆರೆಗಳನ್ನು ತೋರಿಸಿಕೊಟ್ಟರು. ತಾವೇ ಒಂಟೆ ಬರೆಯಲು ಹೋದರು. "ಅಪ್ಪ, ಅದು ನಾಯಿ" ಎಂದು ಸರಸು ಪೆನ್ಸಿಲ್ ಕಿತ್ತುಕೊಂಡಳು. ಅವರಿಬ್ಬರ ತಲೆಗಳು ಒಂದೇ ಕಾಗದದ ಮೇಲೆ ಬಾಗಿದ್ದನ್ನು ನೋಡುತ್ತ ನಾನು ಅಂಟು ಕಲಸಿದೆ. ಮುಂದೆ ನಾನು ದುಡಿಯುವ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆದೆ. ಗಂಟೆ, ಬೀಗ, ಸಾಲು, ಎಲ್ಲ ಅಪ್ಪನ ಹಾಗೆಯೇ ನಡೆಸಿದೆ. ಊಟದ ಮನೆಯಲ್ಲಿ ಮಾತ್ರ ಯಾರ ಬಾಯನ್ನೂ ಮುಚ್ಚಿಸಲಿಲ್ಲ. ಹುಡುಗಿಯರು ಸಾಂಬಾರನ್ನು ಬೈಯುತ್ತಿದ್ದರೆ ಎಲ್ಲರೂ ಕ್ಷೇಮ ಎಂದುಕೊಳ್ಳುತ್ತಿದ್ದೆ. ಯಾವಳಾದರೂ ಸುಮ್ಮನೆ ತಿಂದು ಎದ್ದು ಹೋದರೆ ಅವಳ ಕೋಣೆಯ ಬಾಗಿಲು ತಟ್ಟುತ್ತಿದ್ದೆ.

ಮುಂದಿನ ಭಾನುವಾರ ಅಪ್ಪ ಪೆಟ್ಟಿಗೆಯ ಮುಂದೆ ಕೂರಲಿಲ್ಲ, ಹಿಂದೆ ಬಂದರು. ತಮಗೇನು ಕೆಲಸ ಎಂದು ಕೇಳಿದರು. ಮೋಶೆಯ ಮಾತು ತಮ್ಮದೇ ಎಂದು ಅವರು ಎಣಿಸಿದ್ದರೆಂದು ಕಾಣುತ್ತದೆ.

"ಮೋಶೆ ಅಕ್ಕಂದು," ಎಂದು ಸರಸು ಒಂದು ಕಡ್ಡಿ ಬೊಂಬೆಯನ್ನು ಅವರ ಕೈಗಿಟ್ಟಳು. "ನೀವು ಜನ. ಮನ್ನಾ ಬೇಡ, ನಂಗೆ ಇಂಥದ್ದು ಬೇಕು ಅಂತ ಗೊಣಗ್ಬೇಕು."

"ಎಂಥದ್ದು?"

"ನಿಮಗೇನ್ ಬೇಕೋ ಅದು. ನಾನ್ ಹೇಳ್ಕೊಡಲ್ಲ."

ನಡುಮನೆ ಕಳೆದ ವಾರಕ್ಕಿಂತ ತುಂಬಿತ್ತು. ಅಮ್ಮ ಅಡುಗೆಮನೆಯ ಕೆಲಸ ಮುಗಿಸಿ ಮೊದಲ ಸಲ ಮಕ್ಕಳ ನಡುವೆ ಚಾಪೆಯ ಮೇಲೆ ಕೂತಿದ್ದಳು. ನೀರಿನ ಗಾಡಿ ಬಂತು, ಅಗಲ ಪಾದದ ಒಂಟೆ ಬಂತು, ಮುದ್ದೆ ಬಿತ್ತು. ಟೀಚರ್ ಗೋಡೆಯ ಪಕ್ಕದಿಂದಲೇ ಸೌತೆಕಾಯಿ ಬೇಕೆಂದು ಗೊಣಗಿದರು. ಒಬ್ಬ ಹುಡುಗ ಬಿರಿಯಾನಿ ಕೇಳಿದ. ಅಪ್ಪನ ಸರದಿ ಬಂತು. ಬೊಂಬೆ ಮೇಲೆದ್ದಿತು, ಮಾತು ಬರಲಿಲ್ಲ. ಬಾಯಿ ತೆರೆದರು, ಮುಚ್ಚಿದರು. ಸರಸು ಕಡ್ಡಿ ಹಿಡಿದು ಕಾದಳು. ನಾನು ಅವರ ಪರವಾಗಿ ಏನಾದರೂ ಹೇಳಿಬಿಡೋಣವೆಂದು ಬಾಯಿ ತೆಗೆಯುವಷ್ಟರಲ್ಲಿ ಅಪ್ಪ ಬಹಳ ಸಣ್ಣ ಧ್ವನಿಯಲ್ಲಿ ಹೇಳಿದರು.

"ಹುಚ್ಚೆಳ್ಳು ಚಟ್ನಿ."

ಮಕ್ಕಳು ನಕ್ಕರು. ಅಪ್ಪ ನಗುವಿನ ಮೇಲೆಯೇ ಮುಂದುವರಿಸಿದರು. "ನಮ್ಮವ್ವ ಮಾಡ್ತಿದ್ಲು. ಹುರಿದು, ಬೆಳ್ಳುಳ್ಳಿ ಹಾಕಿ, ಒರಳಲ್ಲಿ ರುಬ್ಬಿ. ಅವ್ವ ಹೋದ್ಮೇಲೆ ತಿಂದಿಲ್ಲ."

ಚಾಪೆಯ ಮೇಲಿಂದ ಅಮ್ಮ ಎದ್ದಳು. ಪೆಟ್ಟಿಗೆಯ ಕಿಟಕಿಯ ಮುಂದೆ ಅವಳ ಸೀರೆ ಅಡ್ಡ ಬಂದು ಮರುಭೂಮಿ ಪೂರ್ತಿ ಮರೆಯಾಯಿತು.

"ಮದ್ವೆ ಆಗಿ ಬಂದಾಗಿಂದ ಕೇಳ್ತಾ ಇವ್ನಿ, ಏನಿಷ್ಟ, ಏನಿಷ್ಟ ಅಂತ. ಎಲ್ಲಾ ಒಂದೇ ಅಂತಿದ್ರಿ. ಈಗ ಪೆಟ್ಗೆ ಒಳ್ಗಿಂದ ಬಾಯ್ ಬುಡ್ತಾ ಇದ್ದೀರಿ." ಆಮೇಲೆ ಮಕ್ಕಳ ಕಡೆ ತಿರುಗಿದಳು. "ಯಾರ ಮನೇಲೈತ್ರೋ ಹುಚ್ಚೆಳ್ಳು? ಒಂದ್ ಪಾವು ಇಸ್ಕೊಂಡ್ ಬನ್ನಿ, ಓಡಿ."

ಇಬ್ಬರು ಮಕ್ಕಳು ಓಡಿಹೋಗಿ ಹುಚ್ಚೆಳ್ಳು ತಂದರು. ಅಮ್ಮ ಒಳಗೆ ಹೋದಳು. ಒಲೆ ಊದುವ ಸದ್ದು ಕೇಳಿಸಿತು. ನಾವು ಕಂತು ಮುಂದುವರಿಸಿದೆವು. ಮೋಶೆ ಬಂಡೆಗೆ ಹೊಡೆದ, ಸಾರು ಚಿಮ್ಮಿತು, ಜನ ನಕ್ಕರು. ಸುರುಳಿ ತುದಿ ಮುಟ್ಟಿತು. ದೀಪ ಹಾಕಿದರು, ಮಕ್ಕಳು ಎದ್ದರು. ಅಪ್ಪನ ಬೊಂಬೆ ಮಾತ್ರ ಇನ್ನೂ ಕಿಟಕಿಯಲ್ಲೇ ನಿಂತಿತ್ತು.

"ಅಪ್ಪ, ಕೈ ಇಳಿಸಿ," ಎಂದಳು ಸರಸು. "ಮುಗೀತು."

"ಇರು," ಎಂದರು ಅಪ್ಪ. "ವಾಸನೆ ಬರ್ತಿದೆ."